ದೊಡ್ಡಪ್ಪನ ಬಾಣಂತನ

ನಮ್ಮ ಮನೆಯ ಮೊಲದ ಹೆಸರು ದೊಡ್ಡಪ್ಪ. ಅಂಗಡಿಯವನು ಗಂಡು ಎಂದು ಆಣೆಯಿಟ್ಟು ಕೊಟ್ಟಿದ್ದ. ಅದರ ಗಂಟುಮುಖ ನೋಡಿ ಮಗ ಆ ಹೆಸರಿಟ್ಟ. ಒಂದು ಬೆಳಿಗ್ಗೆ ದೊಡ್ಡಪ್ಪ ಆರು ಮರಿ ಹಾಕಿತು.

ಆ ಬೆಳಿಗ್ಗೆ ನನ್ನ ಮನಸ್ಸು ಮೊದಲೇ ಕೆಟ್ಟಿತ್ತು. ಸೊಸೆ ಸಿಟಿ ಬಸ್ಸಿನ ಡ್ರೈವರ್. ನಾಲ್ಕು ವರ್ಷ ಡಿಪೋಗೆ ಅಲೆದು, ಗಂಡಸರ ಕುಹಕವನ್ನೆಲ್ಲ ನುಂಗಿಕೊಂಡು ಗಿಟ್ಟಿಸಿದ ಕೆಲಸ ಅದು. ಹೆರಿಗೆ ರಜೆ ಮುಗಿದು ಹತ್ತು ದಿನವಾಗಿತ್ತು. ಬೆಳಿಗ್ಗೆ ಐದಕ್ಕೆ ಯೂನಿಫಾರ್ಮಿನಲ್ಲೇ ಮಂಚದ ತುದಿಯಲ್ಲಿ ಕೂತು, ಆರು ತಿಂಗಳ ಮಗಳಿಗೆ ಹಾಲು ಕುಡಿಸಿ ಓಡುತ್ತಿದ್ದಳು. ಸಂಜೆಯವರೆಗೆ ಮಗುವಿಗೆ ಬಾಟಲಿ, ಗಂಜಿ ಮತ್ತು ನಾನು. ಹಿಂದಿನ ಸಂಜೆ ಮಗು ಹಟ ಹಿಡಿದು ಅತ್ತಾಗ ನನ್ನ ನಾಲಿಗೆ ಜಾರಿತು.

"ಐದು ನಿಮಿಷ ಹಾಲು ಕೊಟ್ಟು ಓಡೋದಾದ್ರೆ ಹೆರೋದು ಯಾಕೆ?"

ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬೆಳಿಗ್ಗೆ ಮಗುವನ್ನು ನನ್ನ ಕೈಗೆ ಕೊಡುವಾಗ ಹೇಳಿದಳು. "ರಾಜೀನಾಮೆ ಕೊಡ್ತಿದೀನಿ ಅತ್ತೆ. ಎರಡು ತಿಂಗಳ ನೋಟಿಸು. ಆಮೇಲೆ ಮನೇಲೇ ಇರ್ತೀನಿ."

ಗೆದ್ದೆ ಅಂದುಕೊಂಡೆ. ಗೆದ್ದವಳ ಗಂಟಲಲ್ಲಿ ಕಾಫಿ ಯಾಕೆ ಇಳಿಯಲಿಲ್ಲವೋ ಗೊತ್ತಿಲ್ಲ.

ಲೋಟ ಹಿಡಿದು ಬಾಲ್ಕನಿಗೆ ಹೋದರೆ, ಮೊಲದ ಪೆಟ್ಟಿಗೆಯಲ್ಲಿ ಹೆಬ್ಬೆಟ್ಟಿನ ಗಾತ್ರದ, ಕಣ್ಣು ಬಿಡದ ಜೀವಗಳು. ಸುತ್ತಲೂ ದೊಡ್ಡಪ್ಪ ತನ್ನ ಎದೆಯಿಂದಲೇ ಕಿತ್ತು ಹಾಕಿದ ಕೂದಲು. ನಾನು ಹಾಸಿಗೆ ಹೊಲಿಯುವವಳು. ಮೂವತ್ತು ವರ್ಷ ಹತ್ತಿ ಬಿಡಿಸಿದ ಕಣ್ಣಿಗೆ ಅದು ಶುದ್ಧ ಕಸ. ಎಲ್ಲವನ್ನೂ ಬಾಚಿ ಹಳೆಯ ಹತ್ತಿಯ ಚೀಲಕ್ಕೆ ತುರುಕಿ, ಕಪಾಟಿನಿಂದ ಹೊಚ್ಚ ಹೊಸ ಹತ್ತಿ ತೆಗೆದು ಮರಿಗಳ ಕೆಳಗೆ ಹಾಸಿದೆ. ಬಾಣಂತಿಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಯಾರು ಕೊಟ್ಟಾರು ಎಂದು ಬೀಗಿದೆ.

ಆದರೆ ಬಾಣಂತಿ ಅತ್ತ ತಿರುಗಿಯೂ ನೋಡಲಿಲ್ಲ. ಮಧ್ಯಾಹ್ನವಾದರೂ ದೂರದ ಮೂಲೆಯಲ್ಲಿ ಕೂತು ಎಲೆಕೋಸು ಮೆಲ್ಲುತ್ತಿತ್ತು. ಇವಳೂ ಅಂಥವಳೇ ಎಂದು ಮೈ ಉರಿಯಿತು. ಮರಿಗಳು ಸತ್ತೇ ಹೋಗುತ್ತವೆ ಎಂದು ಹೆದರಿ ಬೀದಿ ಕೊನೆಯ ಪ್ರಾಣಿ ಡಾಕ್ಟರಮ್ಮನನ್ನು ಕರೆತಂದೆ.

ಆಕೆ ಒಂದು ಮರಿಯನ್ನು ಅಂಗೈಯಲ್ಲಿಟ್ಟು ತೋರಿಸಿದಳು. "ಹೊಟ್ಟೆ ನೋಡಿ, ಉಬ್ಬಿದೆ. ಬೆಳಗಿನ ಜಾವಾನೇ ಕುಡಿದಿವೆ."

"ಇದು ಹತ್ರಾನೇ ಹೋಗಿಲ್ವಲ್ಲ ಡಾಕ್ಟ್ರೇ."

"ಮೊಲ ಹಾಗೇನೇ. ದಿನಕ್ಕೆ ಒಂದೋ ಎರಡೋ ಸಲ, ಐದು ನಿಮಿಷ. ಅದರ ಹಾಲು ಅಷ್ಟು ಗಟ್ಟಿ. ಹತ್ರಾನೇ ಕೂತಿದ್ರೆ ವಾಸನೆ ಹಿಡಿದು ನರಿ ಬರುತ್ತೆ ಅಂತ ದೂರ ಇರುತ್ತೆ. ಅದು ಮರಿ ಕಾಯೋ ರೀತಿ."

"ಮೂರನೇ ಮಹಡಿಗೆ ಯಾವ ನರಿ ಬರುತ್ತೆ?"

"ಅದನ್ನ ಅದಕ್ಕೆ ನೀವೇ ಹೇಳಿ," ಎಂದು ಆಕೆ ಪೆಟ್ಟಿಗೆಗೆ ಕೈ ಹಾಕಿದಳು. "ಈ ಹತ್ತಿ ಯಾರು ಹಾಕಿದ್ದು? ಇದರ ಎಳೆ ಮರಿ ಕಾಲಿಗೆ ಸುತ್ತಿಕೊಂಡ್ರೆ ಕಾಲೇ ಹೋಗುತ್ತೆ. ಅದರ ಕೂದಲು ಎಲ್ಲಿ?"

ಚೀಲ ಸುರಿದು, ಹಳೆ ಹತ್ತಿಯಿಂದ ಕೂದಲು ಹೆಕ್ಕಲು ನನಗೆ ಒಂದು ಗಂಟೆ ಹಿಡಿಯಿತು. ಹೊಸ ಹತ್ತಿಯನ್ನು ಮಡಚಿ ಕಪಾಟಿಗೆ ವಾಪಸ್ ಇಟ್ಟೆ. ಹೋಗುವಾಗ ಡಾಕ್ಟರಮ್ಮ, ಒಂದು ತಿಂಗಳ ಹಿಂದೆ ಇದನ್ನು ಎಲ್ಲಿಗಾದರೂ ಕಳಿಸಿದ್ದಿರಾ ಎಂದು ಕೇಳಿದಳು. ಗೋಡೆಗೆ ಬಣ್ಣ ಬಳಿಸುವಾಗ ಎರಡು ದಿನ ಪಕ್ಕದ ಮನೆಯ ಟೀಚರ್ ಹತ್ತಿರ ಬಿಟ್ಟಿದ್ದೆವು. ಅವರ ಮನೆಯಲ್ಲೂ ಒಂದು ಮೊಲವಿತ್ತು.

"ಎರಡು ದಿನ ಧಾರಾಳವಾಯ್ತು," ಎಂದಳು.

ಮರುದಿನ ಐದಕ್ಕೆ ಎದ್ದು ನಡುಬಾಗಿಲಲ್ಲಿ ನಿಂತೆ. ಒಳಗೆ ಮಂಚದ ತುದಿಯಲ್ಲಿ ಸೊಸೆ, ಹೊರಗೆ ಪೆಟ್ಟಿಗೆಯೊಳಗೆ ದೊಡ್ಡಪ್ಪ. ಸೊಸೆ ಕಣ್ಣು ಮುಚ್ಚಿ ಮಗಳ ನೆತ್ತಿಗೆ ಮೂಗು ಒತ್ತಿ ಕೂತಿದ್ದಳು. ಅದನ್ನು ನಾನು ಎಂದೂ ನೋಡಿರಲಿಲ್ಲ, ಗಡಿಯಾರ ಮಾತ್ರ ನೋಡಿದ್ದೆ. ಎದ್ದವಳು ಸೊಂಟ ಹಿಡಿದುಕೊಂಡು ಹೊರಟಳು. ಹೆರಿಗೆಯಾದ ಮೇಲೆ ಬಸ್ಸಿನ ಸೀಟು ಚುಚ್ಚುತ್ತದೆ, ಒಂದು ದಿಂಬು ಹೊಲಿದುಕೊಡಿ ಎಂದು ಕೇಳಿದ್ದಳು. ಡಿಪೋದವರನ್ನೇ ಕೇಳು ಎಂದಿದ್ದೆ. ನಾಚಿಕೆಯಾಯಿತು. ಬೈಯಲು ಚುರುಕಾಗಿದ್ದ ನಾಲಿಗೆ ತಪ್ಪೊಪ್ಪಿಕೊಳ್ಳಲು ಮಾತ್ರ ಏಳಲಿಲ್ಲ. ನೋಟಿಸಿನ ದಿನಗಳು ಸವೆಯುತ್ತಲೇ ಹೋದವು.

ಹತ್ತು ದಿನಕ್ಕೆ ಮರಿಗಳು ಕಣ್ಣು ಬಿಟ್ಟವು. ಮೂರನೇ ವಾರ ಪೆಟ್ಟಿಗೆ ದಾಟಿ ಬಂದು ನನ್ನ ಚಪ್ಪಲಿ ಕಡಿದವು. ನಾಲ್ಕನೇ ವಾರ ಒಂದು ಸಂಜೆ ಟೀಚರ್ ಬುಟ್ಟಿ ಹಿಡಿದು ಬಂದರು.

"ಎಲೆ ತಿಂತಿವೆಯಲ್ಲ, ನಮ್ಮ ಪಾಲಿನ ಮರೀನ ಕೊಡಿ. ಎಷ್ಟಾದ್ರೂ ಗಂಡಿನ ಕಡೆಯವರು ನಾವು."

"ಎಲೆ ತಿಂದ ಮಾತ್ರಕ್ಕೆ ಹಾಲು ಬಿಟ್ಟ ಹಾಗಾಯ್ತಾ? ಈಗ ಒಯ್ದರೆ ಹೊಟ್ಟೆ ಕೆಟ್ಟು ಸಾಯುತ್ತೆ. ಎಂಟು ವಾರ ತುಂಬಲಿ ಅಂದಿದಾರೆ ಡಾಕ್ಟರಮ್ಮ."

"ಅಲ್ಲೀವರೆಗೆ ಇಲ್ಲಿದ್ದು ಏನು ಸುಖ? ಅಮ್ಮ ಅನ್ನೋದು ಹತ್ರಾನೂ ಸುಳಿಯಲ್ಲ."

ನನಗೆ ರೇಗಿತು. "ಐದು ನಿಮಿಷ ಬಂದ್ರೂ ಅದರ ಜೀವ ಎಲ್ಲ ಇಲ್ಲೇ ಇರುತ್ತೆ. ಒಳ್ಳೇ ತಾಯಿ ಅದು. ನೋಡೋರಿಗೆ ಕಣ್ಣು ಬೇಕು."

ಅಡುಗೆಮನೆಯಲ್ಲಿ ಸೊಸೆ ಬಾಟಲಿ ತೊಳೆಯುತ್ತಿದ್ದಳು. ನಲ್ಲಿಯ ಸದ್ದು ಥಟ್ಟನೆ ನಿಂತಿತು. ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಎಂಟು ವಾರ ತುಂಬುತ್ತಿದ್ದಂತೆ ಮರಿಗಳು ಹೊಸ ಮನೆಗಳಿಗೆ ಹೋದವು. ಕೊನೆಯದನ್ನು ಟೀಚರ್ ಒಯ್ದರು. ಸೊಸೆಯ ಕೆಲಸ ಇನ್ನು ನಾಲ್ಕೇ ದಿನ ಉಳಿದಿತ್ತು. ಆ ದಿನವೇ ಕಪಾಟಿನ ಹೊಸ ಹತ್ತಿ ತೆಗೆದು ಹೊಲಿಗೆಗೆ ಕೂತೆ. ಮರುದಿನ ಐದಕ್ಕೆ ದಿಂಬನ್ನು ಅವಳ ಪಕ್ಕ ಮಂಚದ ಮೇಲಿಟ್ಟೆ.

ಅವಳು ದಿಂಬನ್ನೂ ನನ್ನನ್ನೂ ನೋಡಿದಳು. "ಇನ್ನು ಮೂರು ದಿನಕ್ಕೆ ಇದು ಯಾಕತ್ತೆ?"

"ಮೂರು ದಿನಕ್ಕೆ ಯಾರಾದ್ರೂ ಹೊಸ ಹತ್ತಿ ತುಂಬ್ತಾರಾ? ಹತ್ತು ವರ್ಷ ಬಾಳೋ ಹಾಗೆ ತುಂಬಿದೀನಿ." ಮಗುವಿನ ಕಡೆ ನೋಡುತ್ತ ಹೇಳಿದೆ. "ಅವತ್ತು ನಾನು ಅಂದಿದ್ದು ತಪ್ಪು ಕಣೇ. ಆ ಕಾಗದ ವಾಪಸ್ ತಗೊಂಡುಬಿಡು."

ಅವಳು ಮಗುವನ್ನು ನನ್ನ ಮಡಿಲಿಗೆ ಹಾಕಿ, ದಿಂಬನ್ನು ಅಂಗೈಯಿಂದ ಒತ್ತಿ ನೋಡಿದಳು. ಕಣ್ಣು ತುಂಬಿತ್ತು.

"ಸ್ವಲ್ಪ ಗಟ್ಟಿಯಾಯ್ತು ಅತ್ತೆ."

"ಕೂತು ಕೂತು ಹದವಾಗುತ್ತೆ," ಎಂದೆ.