ಮೀನೇಣಿಯ ಬಾಯಿಗೆ ಕೂಳಿ

“ಬಸುರಿ ಮೀನಿಗೆ ಕೂಳಿ ಒಡ್ಡಿದೀಯಲ್ಲೋ, ನಿಂಗೇನು ಅಕ್ಕ-ತಂಗಿ ಇಲ್ವೇನೋ?”

“ನೀನೇ ಇದೀಯಲ್ಲಕ್ಕ, ಸಾಲ್ದಾ?”

ಹೂವಮ್ಮ ತನ್ನ ಮನೆಗೆ ಬಂದಿದ್ದ ಉಡುಗೊರೆಯ ಬುಟ್ಟಿಯನ್ನು ನನ್ನ ಮೇಲೆ ಕುಕ್ಕಿದಳು. ಒಳಗೆ ಮೊಟ್ಟೆ ತುಂಬಿದ ಐದು ಮೀನು. ಎದುರಿಗೆ ನಿಂತವನು ಅವಳ ತಮ್ಮ ಲಕ್ಕಪ್ಪ, ಈ ಒಡ್ಡು ಕಾದು ನೀರು ಬಿಡುವ ನೀರುಗಂಟಿ.

ನಾನು ಮೀನೇಣಿ. ಹೊಳೆಗೆ ಅಡ್ಡ ಕಟ್ಟಿದ ಒಡ್ಡಿನ ಪಕ್ಕದಲ್ಲಿ ಸಿಮೆಂಟಿನಲ್ಲಿ ಹುಟ್ಟಿದೆ. ಇಪ್ಪತ್ತೆರಡು ಮೆಟ್ಟಿಲು, ಮೆಟ್ಟಿಲಿಗೊಂದು ತೊಟ್ಟಿ. ಹೊಸ ನೀರು ಬಂದಾಗ ಮೊಟ್ಟೆಯಿಡಲು ಹೋಗುವ ಮೀನು ತೊಟ್ಟಿಯಿಂದ ತೊಟ್ಟಿಗೆ ಹಾರಿ, ಸುಧಾರಿಸಿಕೊಂಡು, ಒಡ್ಡು ದಾಟಬೇಕು. ಅದೊಂದೇ ನನ್ನ ಕೆಲಸ. ಒಡ್ಡು ಎದ್ದ ಮೇಲೆ ಮೇಲಿನೂರಿನ ಬೆಸ್ತರ ಬಲೆಗಳು ಗೂಟದಲ್ಲೇ ಒಣಗಿದವು. ಆ ಊರಿಗೆ ಕೊಟ್ಟ ಹೆಣ್ಣು ಹೂವಮ್ಮ ಆರು ವರ್ಷ ಕಚೇರಿಗೆ ಅಲೆದಳು. ಅದಕ್ಕೇ ನಾನು ಹುಟ್ಟಿದ್ದು.

ಹುಟ್ಟಿದ್ದಷ್ಟೇ ಬಂತು! ಬೇಸಿಗೆಯಲ್ಲಿ ನೀರು ಪೋಲಾಗುತ್ತದೆಂದು ನನ್ನ ಕಂಡಿಗೆ ಹಲಗೆ ಜಡಿದರು. ಸಾಹೇಬರು ಬಂದು ನನ್ನ ಮುಂದೆ ಫೋಟೊ ತೆಗೆಸಿಕೊಂಡರು. ಒಳಗೆ ಮೀನಿದೆಯೇ ಎಂದು ಒಬ್ಬನೂ ಬಗ್ಗಿ ನೋಡಲಿಲ್ಲ. ಬಟ್ಟೆ ಒಗೆದರು, ಎಮ್ಮೆ ತೊಳೆದರು. ಎಲ್ಲ ಸಹಿಸಿದೆ. ಕೂಳಿಯನ್ನು ಹೇಗೆ ಸಹಿಸಲಿ? ಒಳಹೊಕ್ಕ ಮೀನು ಹೊರಬರಲಾಗದ ಆ ಬಿದಿರಿನ ಬುಟ್ಟಿಯನ್ನು ಲಕ್ಕಪ್ಪ ನನ್ನ ಕೊನೆಯ ಮೆಟ್ಟಿಲಿಗೇ ಒಡ್ಡಿದ. ಅಷ್ಟೂ ಹತ್ತಿ ಬಸವಳಿದ ಜೀವ ನೇರವಾಗಿ ಅದರೊಳಕ್ಕೆ. ಕೊಲ್ಲುವುದಕ್ಕೆ ಏಣಿ ಏಕೆ ಬೇಕಿತ್ತು?

ಅವನ ಲೆಕ್ಕದಲ್ಲಿ ಅದು ಪ್ರೀತಿ! ಹೊಸ ನೀರಿನ ಮೊದಲ ಮೀನು ಮನೆಯ ಹೆಣ್ಣುಮಕ್ಕಳಿಗೆ ಹೋಗಬೇಕೆನ್ನುವುದು ಅವರ ಪದ್ಧತಿ.

“ಅಪ್ಪ ಇದ್ದಾಗಿಂದ ಕಳಿಸ್ತಿಲ್ವಾ? ನಿನ್ ಮನೆಗೇ ತಾನೆ ಕಳ್ಸಿದ್ದು?”

“ತಾನಾಗೇ ನಮ್ಮೂರಿಗೆ ಬರ್ತಿದ್ದ ಮೀನು ಕಣೋ! ದಾರೀಲಿ ಹಿಡ್ದು ಕೊಂದು, ತವರಿನ ಉಡುಗೊರೆ ಅಂತೀಯಾ? ಇವು ಸತ್ರೆ ಮುಂದಿನ್ ವರ್ಷ ನಮ್ಮ ಬಲೆಗೆ ಏನ್ ಬೀಳುತ್ತೆ, ನಿನ್ ತಲೆ? ಕೀಳು ಅದನ್ನ.”

“ನಾನು ಕಿತ್ರೆ ನಾಳೆ ಇನ್ನೊಬ್ಬ ಒಡ್ತಾನೆ.”

“ಒಡ್ಡದಂಗೆ ಕಾಯೋಕೇ ನಿನ್ನ ಇಟ್ಟಿರೋದು!”

ಲಕ್ಕಪ್ಪ ಬೀಡಿ ಹಚ್ಚಿದ. “ಗೌರಿ ಹಬ್ಬಕ್ಕೆ ಬರ್ತೀಯಲ್ಲ, ಆಗ ಮಾತಾಡಣ ಬಿಡು.”

ಹೂವಮ್ಮ ಸೆರಗು ಬಿಗಿದು ಮೇಲಿನೂರಿನ ದಾರಿ ಹಿಡಿದಳು. ತಿರುಗಿ ನೋಡಲಿಲ್ಲ.

ಈಗ ನನ್ನ ಸಿಮೆಂಟು ಉದುರುತ್ತಿದೆ, ನಡುವಿನ ತೊಟ್ಟಿಗಳಲ್ಲಿ ಹೂಳು ತುಂಬಿದೆ. ಗೌರಿ ಹಬ್ಬ ಮೂರು ಸಲ ಬಂದುಹೋಯಿತು. ಪ್ರತಿ ಸಲವೂ ಬಾಗಿನದ ಮೊರ ಹಿಡಿದು ಲಕ್ಕಪ್ಪ ಒಡ್ಡಿನ ಮೇಲೆ ದಾರಿ ಕಾಯುತ್ತಾನೆ. ಕೂಳಿ ಕಿತ್ತಿಲ್ಲ. ಹೂವಮ್ಮ ಬಂದಿಲ್ಲ.