ಬ್ರೆಡ್ಡಿನ ಅಂಚು, ಸುಟ್ಟ ಸಕ್ಕರೆ

ಮೂಗಿನ ನಳಿಗೆ ತೆಗೆದ ಮೇಲಾದರೂ ಗಂಡ ನಾಲ್ಕು ತುತ್ತು ಉಣ್ಣುತ್ತಾರೆ ಎಂದು ಊರ್ಮಿಳಾ ಕಾದಿದ್ದಳು. ಪುಂಡರೀಕಾಕ್ಷರು ಉಣ್ಣಲಿಲ್ಲ. ಗಂಜಿ ಕೊಟ್ಟರೆ ತಲೆ ಅಲ್ಲಾಡಿಸಿದರು. ರಾಗಿ ಅಂಬಲಿ, ಹೆಸರುಬೇಳೆ ಪಾಯಸ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಮೊಸರನ್ನ, ಯಾವುದನ್ನು ಮುಂದಿಟ್ಟರೂ ಒಂದು ಚಮಚ ಬಾಯಿಗೆ ಹಾಕಿಕೊಂಡು ಬಟ್ಟಲನ್ನು ದೂರ ಸರಿಸುತ್ತಿದ್ದರು. "ಮಣ್ಣು" ಎನ್ನುತ್ತಿದ್ದರು. ಆಪರೇಷನ್ ಆದ ಮೇಲೆ ಅವರ ಮಾತು ತೊದಲುತ್ತಿತ್ತು. ಆ ಒಂದು ಶಬ್ದ ಮಾತ್ರ ಸ್ಪಷ್ಟವಾಗಿ ಬರುತ್ತಿತ್ತು.

ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಜೀವಮಾನವಿಡೀ ಸಸ್ಯಾಹಾರಿ ಹೋಟೆಲು ನಡೆಸಿದ ಮನುಷ್ಯ. ಬೆಳಗಾಗುತ್ತಲೇ ಅಡುಗೆಮನೆಗೆ ಹೋಗಿ ಅಂಗೈಗೆ ಬಿಸಿ ಸಾಂಬಾರು ಸುರಿದುಕೊಂಡು ನೆಕ್ಕಿ, ಬೆಲ್ಲ ಹೆಚ್ಚಾಯಿತೋ ಹುಳಿ ಕಡಿಮೆಯಾಯಿತೋ ಹೇಳಿದ ಮೇಲೆಯೇ ಶಟರು ಮೇಲೇರುತ್ತಿದ್ದುದು. ಅಂಥವರ ಕೆನ್ನೆಯೊಳಗೆ ಗಡ್ಡೆ ಬೆಳೆಯಿತು. ಅದನ್ನು ತೆಗೆದರು, ರೇಡಿಯೇಷನ್ ಕೊಟ್ಟರು. ಜೀವ ಉಳಿಯಿತು, ನಾಲಿಗೆಯ ರುಚಿ ಹೋಯಿತು.

ಥಾಣೆಯ ಆಸ್ಪತ್ರೆಯ ಡಾಕ್ಟರಮ್ಮ ಆ ದಿನ ತೂಕ ನೋಡಿ ಸುತ್ತಿಬಳಸದೆ ಹೇಳಿದರು. ಮುಂದಿನ ಸಲ ಬರುವಾಗಲೂ ತೂಕ ಇಳಿದಿದ್ದರೆ ಹೊಟ್ಟೆಗೆ ತೂತು ಮಾಡಿ ನಳಿಗೆ ಇಡಬೇಕಾಗುತ್ತದೆ. ಬಾಯಿಂದ ತಿನ್ನುವ ಅಭ್ಯಾಸ ಒಮ್ಮೆ ತಪ್ಪಿಹೋದರೆ ಮತ್ತೆ ಬರುವುದು ಕಷ್ಟ. ಪುಂಡರೀಕಾಕ್ಷರು ಇದನ್ನೆಲ್ಲ ಬೇರೆ ಯಾರದೋ ವಿಷಯ ಎಂಬಂತೆ ಕೇಳಿಸಿಕೊಂಡರು. ಊರ್ಮಿಳಾ ಹಾಗೆ ಕೇಳಿಸಿಕೊಳ್ಳಲಿಲ್ಲ.

ವಾಪಸು ಬರುವಾಗ ಮಾಜಿವಾಡಾದಲ್ಲಿ ಟ್ಯಾಕ್ಸಿ ನಿಂತುಬಿಟ್ಟಿತು. ಮುಂದೆ ಒಂದು ಬ್ರೆಡ್ಡಿನ ಟೆಂಪೋ. ಅದರ ಬೆನ್ನನ್ನೇ ನೋಡುತ್ತಿದ್ದ ಪುಂಡರೀಕಾಕ್ಷರು ಏನೋ ಅಂದರು.

"ಎಂತ? ನೀರು ಬೇಕಾ?"

"ಮುರಾರಿ... ಪುಡ್ಡಿಂಗ್."

ಮುರಾರಿ ಯಾರು ಎಂದು ಊರ್ಮಿಳಾ ಕೇಳಬೇಕಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ನಕ್ಕು ನಕ್ಕು ಹೇಳಿದ್ದ ಕಥೆ ಅದು. ಊರು ಬಿಟ್ಟು ಬಂದು ಮೊದಲು ಕೆಲಸಕ್ಕೆ ಸೇರಿದ್ದು ಕಲ್ಯಾಣದ ಒಂದು ಕ್ಯಾಂಟೀನಿನಲ್ಲಿ. ಅಲ್ಲಿನ ಅಡುಗೆಯವ ಮುರಾರಿ. ಟೋಸ್ಟಿಗೆ ಕತ್ತರಿಸಿ ಉಳಿದ ಬ್ರೆಡ್ಡಿನ ಅಂಚು, ಹಿಂದಿನ ದಿನದ ಒಣಕಲು ಚೂರು, ಯಾವುದನ್ನೂ ಅವನು ಎಸೆಯುತ್ತಿರಲಿಲ್ಲ. ತಗಡಿನ ಡಬ್ಬಿಯ ತಳದಲ್ಲಿ ಸಕ್ಕರೆ ಸುಟ್ಟು, ಮೇಲೆ ಆ ಬ್ರೆಡ್ಡನ್ನು ಹಾಲು ಮೊಟ್ಟೆಯಲ್ಲಿ ನೆನೆಸಿ ಹಾಕಿ, ಹಬೆಯಲ್ಲಿ ಬೇಯಿಸಿ ಕೆಲಸದವರಿಗೆಲ್ಲ ಹಂಚುತ್ತಿದ್ದ. "ಮೊಟ್ಟೆ ಉಂಟು ಅಂತ ಗೊತ್ತಿತ್ತಾ?" ಎಂದು ಆಗ ಊರ್ಮಿಳಾ ಗಾಬರಿಯಿಂದ ಕೇಳಿದ್ದಳು. "ಗೊತ್ತಿತ್ತು ಮಾರಾಯ್ತಿ. ಹಸಿವೆಯೂ ಇತ್ತು" ಎಂದಿದ್ದರು ಅವರು. ನನ್ನ ಅಮ್ಮನ ಎದುರು ಮಾತ್ರ ಇದನ್ನು ಹೇಳಬೇಡಿ ಎಂದು ಅವಳು ಗೋಗರೆದಿದ್ದಳು.

ತಿಂಗಳುಗಟ್ಟಲೆ ಏನೂ ಬೇಡ ಎನ್ನುತ್ತಿದ್ದವರು ಈಗ ಒಂದು ತಿಂಡಿಯ ಹೆಸರು ಹೇಳಿದ್ದರು. ಊರ್ಮಿಳಾ ಅದನ್ನು ಬಿಡುವವಳಲ್ಲ.

ಮರುದಿನ ಹೋಟೆಲಿನಿಂದ ಬ್ರೆಡ್ಡಿನ ಅಂಚು ತರಿಸಿದಳು. ಮಗ ಮನೀಶ ಸ್ಯಾಂಡ್‌ವಿಚ್ ಶುರುಮಾಡಿದಂದಿನಿಂದ ಸಂಜೆಯಾಗುವಷ್ಟರಲ್ಲಿ ಅಂಚುಗಳ ಒಂದು ಬುಟ್ಟಿಯೇ ಆಗುತ್ತಿತ್ತು. ಕಸ್ಟರ್ಡ್ ಪುಡಿ ಹಾಕಿ, ಏಲಕ್ಕಿ ಹಾಕಿ, ಮೊಟ್ಟೆ ಇಲ್ಲದೆ ಮಾಡಿದಳು. ಪುಂಡರೀಕಾಕ್ಷರು ಚಮಚ ಬಾಯಿಗಿಟ್ಟು "ಪಾಯಸ" ಎಂದು ಕೆಳಗಿಟ್ಟರು.

"ಅಮ್ಮಾ, ಇಷ್ಟು ಟೆನ್ಷನ್ ಕಾಯ್ಕೋ? ನಾನು ಆರ್ಡರ್ ಮಾಡ್ತೇನೆ" ಎಂದ ಮನೀಶ. ಸಂಜೆ ಗಾಜಿನ ಬಟ್ಟಲಿನಲ್ಲಿ, ಮೇಲೆ ಕ್ರೀಮು, ಚೆರಿ ಹಣ್ಣು ಇಟ್ಟುಕೊಂಡು ಏನೋ ಬಂತು. ಪುಂಡರೀಕಾಕ್ಷರು ಅದನ್ನು ಮುಟ್ಟಲೂ ಇಲ್ಲ.

ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಮರೆಮ್ಮ ರಾಯಚೂರು ಕಡೆಯವಳು. ಠಾಕುರ್ಲಿಯಲ್ಲಿ ರೈಲು ಹಳಿಯ ಪಕ್ಕದ ಚಾಳಿನಲ್ಲಿ ಅವಳ ಮನೆ. ಮಧ್ಯಾಹ್ನ ಅವಳು ಹೊರಡುವ ಹೊತ್ತಿಗೆ ಊರ್ಮಿಳಾ ಹಿಂಬಾಗಿಲಿಗೆ ಬಂದು ನಿಂತಳು.

"ಮರೆಮ್ಮಾ, ನಾನೂ ಬರ್ತೇನೆ ನಿನ್ನ ಮನೆಗೆ. ಮೊಟ್ಟೆ ಒಡೆಯುದು ಹೇಗೆ ಅಂತ ತೋರ್ಸು."

ಮರೆಮ್ಮ ಕಣ್ಣು ದೊಡ್ಡದು ಮಾಡಿದಳು. "ತತ್ತೀನಾ? ಅಮ್ಮಾರ, ನೀವು ತತ್ತಿ ಮುಟ್ತೀರೇನ್ರಿ?"

"ಮುಟ್ಟದೆ ಒಡೆಯುದು ಹೇಗೆ?"

ಮೊದಲ ಮೊಟ್ಟೆ ಊರ್ಮಿಳೆಯ ಮುಷ್ಟಿಯಲ್ಲೇ ಪುಡಿಯಾಗಿ ಮೊಣಕೈವರೆಗೆ ಇಳಿಯಿತು. ವಾಸನೆ ತಡೆಯಲಾರದೆ ಅವಳು ಹೊರಗೆ ಹೋಗಿ ಗೋಡೆ ಹಿಡಿದು ನಿಂತಳು. ಕಲ್ಯಾಣದ ಕಡೆಗೆ ಒಂದು ಫಾಸ್ಟ್ ಲೋಕಲ್ ಧಡಧಡ ಹಾದುಹೋಯಿತು. ಅದರ ಸದ್ದು ಅಡಗುವವರೆಗೆ ನಿಂತಿದ್ದು, ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು. "ಇನ್ನೊಂದು ಕೊಡು."

ಪುಡ್ಡಿಂಗ್ ಎಂಬುದನ್ನು ಮರೆಮ್ಮನೂ ಕಂಡವಳಲ್ಲ. ಇಬ್ಬರೂ ಸೇರಿ ಕುದಿಯುವ ಹಾಲಿಗೆ ಮೊಟ್ಟೆ ಸುರಿದರು. ನೋಡನೋಡುತ್ತಿದ್ದಂತೆ ಅದು ಗಂಟುಗಂಟಾಯಿತು.

"ಇದು ಭುರ್ಜಿ ಆತ್ ನೋಡ್ರಿ" ಎಂದು ಮರೆಮ್ಮ ನಕ್ಕಳು. ಊರ್ಮಿಳೆಗೂ ನಗು ಬಂತು. ಬಹಳ ದಿನದ ಮೇಲೆ ಬಂದ ನಗು.

ಮರುದಿನ ಹಾಲು ಆರಿಸಿಕೊಂಡು ಮಾಡಿದರು. ಗಟ್ಟಿಯಾಗಿ ಕೂತಿತು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಊರ್ಮಿಳಾ ರಿಕ್ಷಾದಲ್ಲಿ ಮನೆಗೆ ಬಂದಳು. ಮನೆಯಲ್ಲಿದ್ದ ಅತ್ತಿಗೆಗೆ ತಿಳಿಯದಂತೆ ಗಂಡನ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಚಮಚ ಕೊಟ್ಟಳು. ಪುಂಡರೀಕಾಕ್ಷರು ಬಾಯೊಳಗೆ ಅದನ್ನು ಆಚೆ ಈಚೆ ಹೊರಳಿಸಿದರು. ಕಡೆಗೆ ಕರವಸ್ತ್ರಕ್ಕೆ ಉಗಿದರು.

"ರಬ್ಬರ್" ಎಂದರು. ಡಬ್ಬಿಯ ಕಡೆ ನೋಡಿ, "ಉರಿ ಜೋರಾಯ್ತು" ಎಂದರು.

ಊರ್ಮಿಳಾ ಕರವಸ್ತ್ರ ಮಡಚುವುದನ್ನು ಬಿಟ್ಟು ಅವರ ಮುಖ ನೋಡಿದಳು. ಈ ಸಲ ಮಣ್ಣು ಎನ್ನಲಿಲ್ಲ. ಅಡುಗೆಯಲ್ಲಿ ತಪ್ಪು ಎಲ್ಲಿ ಎಂದು ಹೇಳಿದ್ದರು. ಹೋಟೆಲಿನ ಅಡುಗೆಯವರಿಗೆ ಹೇಳುತ್ತಿದ್ದರಲ್ಲ, ಅದೇ ಧಾಟಿಯಲ್ಲಿ.

ಇದನ್ನು ದಿನಾ ಮಾಡಬೇಕು, ಮಾಡಿದ ಕೂಡಲೇ ತಿನ್ನಿಸಬೇಕು, ಹೇಳಿದ ತಪ್ಪನ್ನು ಆಗಲೇ ತಿದ್ದಬೇಕು. ಠಾಕುರ್ಲಿಯಲ್ಲಿ ಬೇರೆಯವರ ಒಲೆಯ ಮೇಲೆ ಬೇಯಿಸಿ, ಕದ್ದು ತಂದು, ಬಾಗಿಲು ಹಾಕಿ ತಿನ್ನಿಸಿದರೆ ಇದು ಆಗುವ ಕೆಲಸವಲ್ಲ. ಆ ಸಂಜೆಯೇ ಅವಳು ಕೆಳಗಿಳಿದು ಮನೆಯ ಎದುರಿನ ಅಂಗಡಿಗೆ ಹೋದಳು. ಅಂಗಡಿಯವ ಅವಳನ್ನು ಮೊದಲಿಂದ ಬಲ್ಲವ.

"ಅಂಡೀ? ಕಾಕೂ, ತುಮ್ಹಾಲಾ?" ಎಂದು, ಮೊಟ್ಟೆ ನಿಮಗಾ ಎಂಬ ಅಚ್ಚರಿಯಲ್ಲಿ ಒಮ್ಮೆ ಕೇಳಿ, ಬೇರೆ ಗಿರಾಕಿಗಳ ಕಡೆ ನೋಡಿ, ಮೊಟ್ಟೆಗಳನ್ನು ಪೇಪರಿನಲ್ಲಿ ಸುತ್ತಿ ಯಾರಿಗೂ ಕಾಣದಂತೆ ಕಪ್ಪು ಚೀಲಕ್ಕೆ ಹಾಕತೊಡಗಿದ.

"ಕಪ್ಪು ಚೀಲ ಬೇಡ" ಎಂದಳು ಊರ್ಮಿಳಾ ಮರಾಠಿಯಲ್ಲಿ. "ಹಾಗೇ ಕೊಡು, ಒಡೆಯದಿದ್ದರೆ ಸಾಕು."

ಬಾಗಿಲು ತೆರೆದದ್ದು ಲೋಲಾಕ್ಷಿ. ಪುಂಡರೀಕಾಕ್ಷರ ಅಕ್ಕ, ಗಂಡ ತೀರಿಕೊಂಡ ಮೇಲೆ ಇವರ ಜೊತೆಗೇ ಇದ್ದವರು. ದಿನಾ ಮಡಿಯಲ್ಲಿ ನೈವೇದ್ಯಕ್ಕೆ ಮಾಡುವವರು ಅವರೇ. ತಮ್ಮನ ಆಪರೇಷನ್ನಿನ ದಿನ ನೀರು ಕೂಡ ಮುಟ್ಟದೆ ದೇವರ ಎದುರು ಕೂತಿದ್ದವರೂ ಅವರೇ.

"ಊರ್ಮಿಳಾ, ಕೈಯಲ್ಲಿ ಅದೆಂತ?"

"ಮೊಟ್ಟೆ, ಅತ್ತಿಗೆ. ಇವರಿಗೆ."

"ಈ ಒಲೆಯಲ್ಲಿ ನಾನು ದೇವರಿಗೆ ಮಾಡುದು."

"ಗೊತ್ತುಂಟು. ನಿಮಗೆ ಬೇರೆ ಒಲೆ ತರಿಸ್ತೇನೆ, ಬೇರೆ ಪಾತ್ರೆ ತರಿಸ್ತೇನೆ. ನಿಮ್ಮದು ಒಂದನ್ನೂ ಮುಟ್ಟುದಿಲ್ಲ. ಆದ್ರೆ ಇದನ್ನು ಮಾಡುದಂತೂ ಹೌದು."

ಲೋಲಾಕ್ಷಿ ಬಾಗಿಲು ಬಿಟ್ಟು ಸರಿಯಲಿಲ್ಲ. "ಇಷ್ಟು ವರ್ಷ ಶುದ್ಧದಲ್ಲಿ ಬದುಕಿದವ. ಹೋಗುದಾದ್ರೆ ಹಾಗೇ ಹೋಗ್ಲಿ ಊರ್ಮಿಳಾ. ಕಡೆಗಾಲದಲ್ಲಿ ಬಾಯಿ ಕೆಡಿಸ್ಬೇಡ."

"ಅವರು ಹೋಗುದು ಬೇಡ ಅತ್ತಿಗೆ" ಎಂದಳು ಊರ್ಮಿಳಾ. ದನಿ ಏರಿಸಲಿಲ್ಲ. "ಎಲ್ಲಿಗೂ ಹೋಗುದು ಬೇಡ ಅಂತ್ಲೇ ಇದು."

ಲೋಲಾಕ್ಷಿ ಒಳಗೆ ಹೋಗಿ ನವಿ ಮುಂಬೈಯಲ್ಲಿದ್ದ ಮಗ ಮಧ್ವೇಶನಿಗೆ ಫೋನು ಮಾಡಿದರು. ರಾತ್ರಿಯೂಟದ ಮೊದಲೇ ಅವನು ಕಾರು ತಂದು ತಾಯಿಯನ್ನು ಕರೆದುಕೊಂಡು ಹೋದ. ಹೋಗುವಾಗ ಅವರು ತಮ್ಮನ ಹಣೆ ಸವರಿದರು. ಊರ್ಮಿಳೆಯ ಕಡೆ ನೋಡಲಿಲ್ಲ. ಆ ಹೊತ್ತಿಗೆ ಊರ್ಮಿಳೆಗೆ ಅಳು ಬಂದದ್ದು ನಿಜ. ತಾನು ಮಾಡುತ್ತಿರುವುದು ಸರಿಯೋ ಎಂದು ಮನಸ್ಸು ಅಳುಕಿದ್ದೂ ನಿಜ. ಮುಖ ತೊಳೆದುಕೊಂಡು ಬ್ರೆಡ್ಡಿನ ಅಂಚುಗಳನ್ನು ತಟ್ಟೆಯಲ್ಲಿ ಹರಡಿ ಒಣಗಲು ಇಟ್ಟು ಮಲಗಿದಳು.

ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳೊಬ್ಬಳೇ. ತೂಕ, ಅಳತೆ ಅವಳಿಗೆ ಬೇಕಾಗಲಿಲ್ಲ. ಹಬೆಯಲ್ಲಿ ಬೇಯಿಸುವುದು ಗೊತ್ತಿದ್ದ ಕೆಲಸವೇ. ಇಡ್ಲಿಗೆ ಬೇಕಾದಂಥ ಹಬೆ ಇದಕ್ಕೆ ಬೇಡ, ಅಷ್ಟೇ ವ್ಯತ್ಯಾಸ ಎಂದು ನಿನ್ನೆಯ ರಬ್ಬರು ಕಲಿಸಿತ್ತು. ಸ್ಟೀಲಿನ ಡಬ್ಬಿಯಲ್ಲಿ ಸಕ್ಕರೆ ಕರಗಿಸಿ ಜೇನಿನ ಬಣ್ಣಕ್ಕೆ ಬಂದ ಕೂಡಲೇ ಇಳಿಸಿದಳು. ಬೆರಳು ಅದ್ದಿದರೆ ಹಿತವೆನಿಸುವಷ್ಟೇ ಬೆಚ್ಚಗಿನ ಹಾಲು. ಒಡೆದ ಮೊಟ್ಟೆಯನ್ನು ಸದ್ದಿಲ್ಲದೆ ಕಲಕಿ, ನೊರೆ ಏಳದಂತೆ ಹಾಲಿಗೆ ಸೇರಿಸಿ, ಸೋಸಿ, ಅಂಚುಗಳ ಮೇಲೆ ಹೊಯ್ದಳು. ಒಣ ದ್ರಾಕ್ಷಿ ಹಾಕಲು ಕೈ ಹೋಯಿತು, ಅವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದೆಂದು ಬಿಟ್ಟಳು. ಜಾಯಿಕಾಯಿ ಚೂರು ತೇದು ಹಾಕಿದಳು. ಬ್ರೆಡ್ಡು ಹಾಲನ್ನು ಪೂರ್ತಿ ಕುಡಿಯುವವರೆಗೆ ಕಾದಳು. ಹಬೆಯ ನೀರು ತೊಟ್ಟಿಕ್ಕದಂತೆ ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಉರಿ ಸಣ್ಣದು ಮಾಡಿ ಒಲೆಯ ಎದುರೇ ನಿಂತಳು. ಒಮ್ಮೆಯೂ ಆಚೆ ಹೋಗಲಿಲ್ಲ.

ಆರಿದ ಮೇಲೆ ತಟ್ಟೆಗೆ ಮಗುಚಿದಾಗ ಅದು ಒಂದಿಷ್ಟೂ ಒಡೆಯದೆ ಇಳಿಯಿತು. ನೆತ್ತಿಯ ಮೇಲಿಂದ ಸಕ್ಕರೆಯ ಪಾಕ ಬದಿಗಳಿಗೆ ಜಾರಿತು.

ಪುಂಡರೀಕಾಕ್ಷರು ಮೊದಲ ಚಮಚವನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡರು. ಗಂಟಲು ಏರಿ ಇಳಿಯಿತು. ನುಂಗಿದ್ದರು. ಎರಡನೆಯ ಚಮಚವನ್ನು ತಾವೇ ತೆಗೆದುಕೊಂಡರು, ಪಾಕ ಇಳಿದ ಕಂದು ಭಾಗವನ್ನು ಹುಡುಕಿ.

"ಎಂತಾದ್ರೂ ಹೇಳಿ" ಎಂದಳು ಊರ್ಮಿಳಾ.

"ಸಿಹಿ ಗೊತ್ತಾಗುದಿಲ್ಲ." ಅವರು ಚಮಚದಿಂದ ಪಾಕವನ್ನು ತೋರಿಸಿದರು. "ಇದು... ಸ್ವಲ್ಪ ಕಹಿ. ಕಹಿ ಗೊತ್ತಾಗ್ತದೆ."

"ಹೌದಾ?"

"ಇನ್ನೂ ಸುಡ್ಬೇಕು. ಮುರಾರಿ ಕಪ್ಪು ಮಾಡ್ತಿದ್ದ. ನೀನು ಹೆದರಿ ಇಳಿಸಿದ್ದಿ."

ಹೌದು, ಹೆದರಿ ಇಳಿಸಿದ್ದಳು. ಮರುದಿನ ಹೆದರಲಿಲ್ಲ. ಸಕ್ಕರೆ ಕೆಂಪಾಗಿ, ಕಂದಾಗಿ, ಮನೆಯೆಲ್ಲ ಹೊಗೆ ತುಂಬಿ ಮನೀಶ ಕೋಣೆಯಿಂದ ಓಡಿಬರುವವರೆಗೆ ಸುಟ್ಟಳು. ಪುಂಡರೀಕಾಕ್ಷರು ಅರ್ಧ ಬಟ್ಟಲು ತಿಂದರು. ನಂತರದ ದಿನಗಳಲ್ಲಿ ಒಮ್ಮೆ ಉಪ್ಪು ಒಂದು ಹರಳು ಹಾಕು ಎಂದರು, ಒಮ್ಮೆ ಬ್ರೆಡ್ಡು ಸಾಕಷ್ಟು ಒಣಗಿಲ್ಲ ಎಂದು ಸಿಟ್ಟಾದರು. ಸಿಟ್ಟು ಮಾಡಿಕೊಳ್ಳುವಷ್ಟು ಕಸುವು ಬಂತಲ್ಲ ಎಂದು ಊರ್ಮಿಳಾ ಬೈಸಿಕೊಂಡಳು. ಕೆಲವು ದಿನ ಏನೂ ಸೇರದೆ ವಾಂತಿಯಾಯಿತು. ಆ ದಿನಗಳಲ್ಲೂ ಒಲೆ ಹಚ್ಚಿದಳು.

ನವಿ ಮುಂಬೈಯಿಂದ ಸಂಜೆ ಹೊತ್ತು ಫೋನು ಬರುತ್ತಿತ್ತು. "ಎಷ್ಟು ತಿಂದ?" ಎಂದು ಕೇಳುತ್ತಿದ್ದರು ಲೋಲಾಕ್ಷಿ. ಏನು ತಿಂದ ಎಂದು ಕೇಳುತ್ತಿರಲಿಲ್ಲ. ಒಂದು ಭಾನುವಾರ ಅವರು ಹೇಳದೆ ಕೇಳದೆ ಮರಳಿ ಬಂದರು. ದೇವರ ಕೋಣೆಯ ಪಕ್ಕದಲ್ಲಿ ಊರ್ಮಿಳಾ ತಂದಿಟ್ಟಿದ್ದ ಹೊಸ ಒಲೆಯನ್ನೂ ಪಾತ್ರೆಗಳನ್ನೂ ನೋಡಿ, ಬಾಳೆಎಲೆ ಒರೆಸತೊಡಗಿದರು. ಅಡುಗೆಮನೆಯ ಹೊಸಿಲನ್ನು ಮಾತ್ರ ದಾಟಲಿಲ್ಲ. ಇಬ್ಬರ ನಡುವೆ ಮೊದಲಿನ ಸಲಿಗೆ ಪೂರ್ತಿ ಮರಳಿತು ಎನ್ನುವಂತಿಲ್ಲ.

ಥಾಣೆಗೆ ಹೋಗುವ ದಿನ ಬಂತು. ಪುಂಡರೀಕಾಕ್ಷರು ತೂಕದ ಯಂತ್ರದ ಮೇಲೆ ನಿಂತಾಗ ಊರ್ಮಿಳಾ ಗೋಡೆಯ ಕಡೆ ತಿರುಗಿದ್ದಳು. ಡಾಕ್ಟರಮ್ಮ ಎರಡೆರಡು ಸಲ ನೋಡಿದರು. ಏರಿದ್ದು ಹೆಚ್ಚೇನಲ್ಲ, ಆದರೆ ಇಳಿದಿರಲಿಲ್ಲ. ನಳಿಗೆಯ ಮಾತು ಸದ್ಯಕ್ಕೆ ಬೇಡ ಎಂದರು. ಏನು ಕೊಡುತ್ತಿದ್ದೀರಿ ಎಂದು ಕೇಳಿದರು.

"ನಿನ್ನೆಯ ಬ್ರೆಡ್ಡು" ಎಂದಳು ಊರ್ಮಿಳಾ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ವಿವರಿಸುವ ಮೊದಲೇ ಪುಂಡರೀಕಾಕ್ಷರು ಹೆಂಡತಿಯ ಕೈ ಹಿಡಿದು ಎದ್ದಿದ್ದರು.

ಹೊರಗೆ ಟ್ಯಾಕ್ಸಿ ಕಾಯುತ್ತಿತ್ತು. ಕೂತು ಬಾಗಿಲು ಹಾಕಿಕೊಂಡ ಮೇಲೆ ಅವರು ತಮ್ಮ ತೊದಲು ಮಾತಿನಲ್ಲಿ, "ನಾಳೆ ಇಡ್ಲಿ ನೋಡುವನಾ?" ಎಂದರು.

"ಹಾಲಿನಲ್ಲಿ ನೆನೆಸಿ ಕೊಡ್ತೇನೆ."

"ಹಾಲು ಬೇಡ. ಸಾಂಬಾರು."

"ಖಾರ ತಾಗಿ ಬಾಯಿ ಉರಿದ್ರೆ?"

"ಉರೀಲಿ" ಎಂದರು ಪುಂಡರೀಕಾಕ್ಷರು.

ಊರ್ಮಿಳಾ ಫೋನು ತೆಗೆದು, ಇಡ್ಲಿಗೆ ಅಕ್ಕಿ, ಉದ್ದಿನ ಬೇಳೆ ಈಗಲೇ ನೆನೆಹಾಕಿ ಎಂದು ಮನೆಯಲ್ಲಿದ್ದ ಅತ್ತಿಗೆಗೆ ಹೇಳಿದಳು.