ಧಾರೆ ಸೀರೆಯ ರವಿಕೆ

ಕಾಪುವಿನ ಪ್ರಫುಲ್ಲಾಳಿಗೆ ದೇವರು ಎರಡು ವರ ಕೊಟ್ಟಿದ್ದ. ಒಂದು ಹೊಲಿಗೆಯ ಕೈ, ಇನ್ನೊಂದು ಸಪೂರ ಮೈ. ಹೊಲಿಗೆಯಿಂದ ಸಂಸಾರಕ್ಕೆ ನಾಲ್ಕು ಕಾಸು ಬರುತ್ತಿತ್ತು. ಆದರೆ ಅವಳು ಬದುಕಿದ್ದು ಎರಡನೆಯದರ ಮೇಲೆ.

ಆ ಮನೆಯಲ್ಲಿ ಅತ್ತೆ ಮಾಡಿಟ್ಟ ಒಂದು ಕಟ್ಟಳೆಯಿತ್ತು. ಕುಟುಂಬದಲ್ಲಿ ಯಾರದೇ ಮದುವೆಯಾಗಲಿ, ಸೊಸೆಯಂದಿರು ತಮ್ಮ ತಮ್ಮ ಧಾರೆ ಸೀರೆಯನ್ನೇ ಉಟ್ಟು ಬರಬೇಕು. ಸೀರೆಗೇನು, ಅದು ಯಾರ ಮೈಗೂ ಸುತ್ತಿಕೊಳ್ಳುತ್ತದೆ. ರವಿಕೆ ಹಾಗಲ್ಲ, ಮದುವೆಯಾದ ಮೇಲೆ ಉಂಡದ್ದನ್ನೆಲ್ಲ ಅದು ಹತ್ತು ಜನರೆದುರು ಹೇಳಿಬಿಡುತ್ತದೆ. ಮದುವೆ ಗೊತ್ತಾಯಿತು ಎಂದರೆ ಕುಟುಂಬದ ಸೊಸೆಯಂದಿರೆಲ್ಲ ಪ್ರಫುಲ್ಲಾಳ ಮೆಷಿನ್ನಿನ ಮುಂದೆ ಬಂದು "ಹೊಲಿಗೆ ಸ್ವಲ್ಪ ಬಿಟ್ಟುಕೊಡು ಮಾರಾಯ್ತಿ" ಎಂದು ಪಿಸುಗುಡುತ್ತಿದ್ದರು. ಪ್ರಫುಲ್ಲಾಳ ರವಿಕೆಯ ಹೊಲಿಗೆಯನ್ನು ಮಾತ್ರ ಹದಿನಾರು ವರ್ಷಗಳಿಂದ ಯಾರೂ ಬಿಚ್ಚಿರಲಿಲ್ಲ. ಮಂಟಪದಲ್ಲಿ ಯಾರಾದರೊಬ್ಬರು "ಇದು ಅದೇ ಬ್ಲೌಸಾ?" ಎಂದು ಬಾಯಿ ಬಿಡಬೇಕು, ಇವಳು ತಲೆ ತಗ್ಗಿಸಿ "ಅದೇ" ಎನ್ನಬೇಕು. ಆ ಒಂದು ಮಾತಿಗಾಗಿ ವರ್ಷವಿಡೀ ಗಂಜಿತಿಳಿ ಕುಡಿದು ಮಲಗುವವಳು ಅವಳು. ಗಂಡ ಸುಂದರ ಬಹರೈನಿನಲ್ಲಿದ್ದ. ಫೋನಿನಲ್ಲಿ ಅವನು ಮೀನಿನ ರೇಟು ಕೇಳುತ್ತಿದ್ದನೇ ಹೊರತು ಹೆಂಡತಿಯ ಸೊಂಟದ ಸುದ್ದಿ ಎತ್ತಿದವನಲ್ಲ.

ಮೈದುನ ಅಕ್ಷಿತನ ಹೆಂಡತಿ ಚೈತಾಲಿ ಮನೆ ತುಂಬಿದಾಗ ಗುಂಡುಗುಂಡಾಗಿದ್ದಳು. ಮಣಿಪಾಲದ ಲ್ಯಾಬೊಂದರಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವ ಕೆಲಸ. ಮನೆಗೆ ಬಂದರೆ ಅನ್ನಕ್ಕೆ ಎರಡನೆಯ ಸಲ ಸಾರು ಹಾಕಿಸಿಕೊಳ್ಳುವ ಹುಡುಗಿ. ಆಗ ಪ್ರಫುಲ್ಲಾಳಿಗೆ ಓರಗಿತ್ತಿಯ ಮೇಲೆ ಎಂಥ ಪ್ರೀತಿ! ಅವಳ ಧಾರೆ ಸೀರೆಯ ರವಿಕೆಯನ್ನು ತಾನೇ ಕೂತು ಹೊಲಿದಿದ್ದಳು. ದಪ್ಪಗಿರುವ ಓರಗಿತ್ತಿಯನ್ನು ಪ್ರೀತಿಸುವುದು ಬಲು ಸುಲಭ.

ಕಳೆದ ವರ್ಷ ಈ ಚೈತಾಲಿ ಉದ್ಯಾವರದ ಒಂದು ಜಿಮ್ಮಿಗೆ ಸೇರಿದಳು. ಅಲ್ಲಿ ಲೊರ್ನಾ ಎಂಬ ಕೋಚ್ ಹೆಂಗಸರಿಗೆ ಭಾರ ಎತ್ತಲು ಕಲಿಸುತ್ತಿದ್ದಳು. ನೆಲದ ಮೇಲಿಟ್ಟ ಕಬ್ಬಿಣದ ಸರಳನ್ನು ಸೊಂಟದವರೆಗೆ ಎತ್ತಿ ನಿಲ್ಲುವುದು. ಸರಳಿನ ಎರಡೂ ತುದಿಗೆ ಬೀಸುಕಲ್ಲಿನಂಥ ಬಿಲ್ಲೆಗಳು. ಚೈತಾಲಿ ತನ್ನ ಮೈತೂಕಕ್ಕಿಂತ ಹೆಚ್ಚು ಎತ್ತಿದ ವಿಡಿಯೋ ಒಂದು ದಿನ ಮನೆಯ ಗ್ರೂಪಿಗೆ ಬಂತು. ಬಹರೈನಿನಿಂದ ಸುಂದರನೇ ಫೋನು ಮಾಡಿ "ಅವಳಿಗೆ ಕೊಡು" ಎಂದ! ಫೋನನ್ನು ಚೈತಾಲಿಯ ಕೈಗಿಟ್ಟ ಪ್ರಫುಲ್ಲಾಳಿಗೆ ಹೊಟ್ಟೆಯೊಳಗೆ ಬೆಂಕಿ ಹೊತ್ತಿಕೊಂಡಿತು. ಹದಿನಾರು ವರ್ಷ ಹಸಿದವಳು ತಾನು, ಮೂರು ಮೊಟ್ಟೆ ತಿಂದು ಹೆಸರು ಮಾಡುವವಳು ಇವಳು.

"ಹೆಂಗಸರು ಭಾರ ಎತ್ತಿದ್ರೆ ತೋಳು ಗಂಡಸರ ಹಾಗೆ ಆಗ್ತದೆ" ಎಂದಳು ಒಂದು ದಿನ, ನೂಲು ಪೋಣಿಸುತ್ತಾ. "ಆಮೇಲೆ ಬ್ಲೌಸಿನ ಕೈ ಏರುವುದಿಲ್ಲ. ನನಗೆ ಗೊತ್ತುಂಟು, ನಾನು ದಿನಾ ಅಳತೆ ತೆಗೆಯುವವಳು."

"ಹೌದಾ ಅಕ್ಕ?" ಚೈತಾಲಿಯ ಮುಖ ಸಣ್ಣದಾಯಿತು.

ಮೂಲೆಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಅತ್ತೆ ಬಾಯಿ ಹಾಕಿದರು. "ನಾನು ಕಡಲಬದಿಯಿಂದ ಎಲ್ಲೂರಿನವರೆಗೆ ಮೀನಿನ ಬುಟ್ಟಿ ಹೊತ್ತವಳು. ಅದು ಎಷ್ಟು ಭಾರ ಅಂತ ಯಾರೂ ಕೇಳ್ಲಿಲ್ಲ, ಗಂಡಸಿನ ಹಾಗೆ ಆಗಿದ್ದಿ ಅಂತಲೂ ಹೇಳ್ಲಿಲ್ಲ. ಎತ್ತು ಮಗಾ ನೀನು."

ಅತ್ತೆಯೂ ಆ ಕಡೆಗೆ! ಪ್ರಫುಲ್ಲಾ ನೂಲನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು.

ಅಷ್ಟರಲ್ಲಿ ನಾದಿನಿಯ ಮಗಳ ಮದುವೆ ಗೊತ್ತಾಯಿತು. ಮದುವೆಗೆ ಸ್ವಲ್ಪ ಮೊದಲೇ ಕಾರ್ಕಳದಲ್ಲಿ ಭಾರ ಎತ್ತುವ ಸ್ಪರ್ಧೆ, ಚೈತಾಲಿಯ ಮೊದಲ ಸ್ಪರ್ಧೆ. ರೂಢಿಯಂತೆ ಚೈತಾಲಿ ತನ್ನ ರವಿಕೆ ತಂದುಕೊಟ್ಟು ಅಳತೆಗೆ ನಿಂತಳು. "ಅಕ್ಕ, ನಿಜ ಹೇಳಿ, ದಪ್ಪ ಆಗಿದ್ದೇನಾ?"

ಪ್ರಫುಲ್ಲಾ ತೋಳಿಗೆ ಟೇಪು ಸುತ್ತಿದಳು. ಅಳತೆ ಬರೆದಿಡುವ ಅಭ್ಯಾಸ ಅವಳಿಗಿಲ್ಲ, ಒಮ್ಮೆ ಅಳೆದದ್ದು ತಲೆಯಲ್ಲಿ ಕೂತುಬಿಡುತ್ತದೆ. ತೋಳು ಮದುವೆಯ ದಿನ ಎಷ್ಟಿತ್ತೋ ಅಷ್ಟೇ ಇತ್ತು. ಗಟ್ಟಿಯಾಗಿತ್ತು, ಅಷ್ಟೆ. ಸೊಂಟಕ್ಕೆ ಸುತ್ತಿದಳು, ಅದು ಇಳಿದಿತ್ತು! ಅಂದರೆ ಈ ಸಲ ಮಂಟಪದಲ್ಲಿ "ಅದೇ ಬ್ಲೌಸಾ?" ಎಂದು ಕೇಳುವುದು ಯಾರನ್ನು?

"ನೋಡುವಾ, ಹಾಕಿ ನೋಡಿದ ಮೇಲೆ ಗೊತ್ತಾಗ್ತದೆ" ಎಂದು ಟೇಪು ಸುತ್ತಿಟ್ಟಳು.

ಮರುದಿನ ಚೈತಾಲಿ ಕೆಲಸಕ್ಕೆ ಹೋದ ಮೇಲೆ ಪ್ರಫುಲ್ಲಾ ಬಾಗಿಲು ಮುಂದೆ ಮಾಡಿ ಕೂತಳು. ರವಿಕೆಯ ಎರಡೂ ಕೈಗಳ ಹೊಲಿಗೆ ಬಿಚ್ಚಿದಳು, ಅರ್ಧ ಇಂಚು ಒಳಗೆ ತಂದು ಮತ್ತೆ ಹೊಲಿದಳು. ಹಳೆಯ ನೂಲಿನ ಚೂರೂ ಉಳಿಯದಂತೆ ಕಿತ್ತು ತೆಗೆದಳು. ತನ್ನ ಮಾತನ್ನು ನಿಜ ಮಾಡಲು ಅವಳಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಸಂಜೆ ರವಿಕೆ ಚೈತಾಲಿಯ ಮೊಣಕೈ ದಾಟಿ ಒಂದಿಷ್ಟು ಏರಿ ನಿಂತಿತು. ಎಳೆದಳು, ಉಸಿರು ಬಿಗಿಹಿಡಿದಳು, ಏರಲಿಲ್ಲ.

"ನಾನು ಹೇಳಿದ್ದೆ ಅಲ್ವಾ?" ಎಂದಳು ಪ್ರಫುಲ್ಲಾ, ಜೇನಿನಂಥ ಸ್ವರದಲ್ಲಿ.

ಚೈತಾಲಿ ರವಿಕೆ ಕಳಚಿಟ್ಟಳು. ಮರುದಿನ ಜಿಮ್ಮಿಗೆ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ಊಟಕ್ಕೆ ಕೂತರೆ ಒಂದು ಸೌಟು ಗಂಜಿ, ಮೇಲೆ ಉಪ್ಪಿನಕಾಯಿ. ಪ್ರಫುಲ್ಲಾಳಿಗೆ ಹಬ್ಬವಾಗಬೇಕಿತ್ತು. ಆದರೆ ಮನೆಯವರೆಲ್ಲ ಚೈತಾಲಿಯ ಹಿಂದೆಯೇ! ಅಕ್ಷಿತ್ ಅವಳಿಗಾಗಿ ಉಡುಪಿಯಿಂದ ಹಣ್ಣು ತಂದ. ಅತ್ತೆ "ನನ್ನ ಮಗುವಿಗೆ ಯಾರ ಕಣ್ಣು ತಾಗಿತೋ" ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಪ್ರಫುಲ್ಲಾ ಹದಿನಾರು ವರ್ಷ ಗಂಜಿತಿಳಿ ಕುಡಿದಾಗ ಯಾರು ಹಣ್ಣು ತಂದಿದ್ದರು? ಇವಳು ಎತ್ತಿದರೂ ಸುದ್ದಿ, ಬಿಟ್ಟರೂ ಸುದ್ದಿ.

ತೋಳು ದಪ್ಪವಾಗಿ ಬ್ಲೌಸು ಏರುತ್ತಿಲ್ಲ ಎಂದು ಚೈತಾಲಿ ಫೋನಿನಲ್ಲಿ ಹೇಳಿದ್ದನ್ನು ಕೇಳಿ, ಭಾನುವಾರ ಬೆಳಿಗ್ಗೆ ಲೊರ್ನಾ ಸ್ಕೂಟರು ಹತ್ತಿ ಮನೆಗೇ ಬಂದಳು. ಬಂದವಳೇ ಜಗಲಿಯಲ್ಲಿ ಚೈತಾಲಿಯನ್ನು ನಿಲ್ಲಿಸಿ ತನ್ನ ಟೇಪಿನಿಂದ ತೋಳು ಅಳೆದಳು.

"ಎಂತ ದಪ್ಪ? ನೀನು ಸೇರಿದ ದಿನ ಇದ್ದಷ್ಟೇ ಉಂಟು" ಎಂದಳು. "ಹೆಂಗಸರ ತೋಳು ಅಷ್ಟು ಸುಲಭದಲ್ಲಿ ಉಬ್ಬುವುದಿಲ್ಲ ಮಾರಾಯ್ತಿ. ಉಬ್ಬುವುದಾದರೆ ನಾನು ಇಷ್ಟರಲ್ಲಿ ಆನೆ ಆಗ್ಬೇಕಿತ್ತು. ಯಾವ ಬ್ಲೌಸು ಅದು? ತಾ ನೋಡುವಾ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪ್ರಫುಲ್ಲಾ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ಮುಷ್ಟಿಯಲ್ಲಿ ಅಡಗಿಸಿದಳು.

ಚೈತಾಲಿ ರವಿಕೆ ತಂದಳು. ಒಳಮೈ ಹೊರಗೆ ಮಾಡಿ ಅಂಗಳದ ಬಿಸಿಲಿಗೆ ಹಿಡಿದಳು. ನೂಲು ಕಿತ್ತು ತೆಗೆಯಬಹುದು, ಆದರೆ ರೇಷ್ಮೆ ಬಟ್ಟೆ ಸೂಜಿ ಚುಚ್ಚಿದ್ದನ್ನು ಮರೆಯುವುದಿಲ್ಲ. ಇದು ಪ್ರಫುಲ್ಲಾಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊಸ ಹೊಲಿಗೆಯಿಂದ ಅರ್ಧ ಇಂಚು ಆಚೆಗೆ ಸಣ್ಣ ಸಣ್ಣ ತೂತುಗಳ ಸಾಲು, ಒಂದೊಂದರಲ್ಲೂ ಬಿಸಿಲು. ದಿನವಿಡೀ ಗಾಜಿನ ಮೇಲಿನ ರಕ್ತದ ಹನಿ ನೋಡುವ ಕಣ್ಣು ಆ ಸಾಲಿನ ಮೇಲೆ ನಿಂತಿತು. ಚೈತಾಲಿಯ ಬೆರಳು ಕಂಕುಳಿನಿಂದ ಕೈಯ ತುದಿಯವರೆಗೆ ನಿಧಾನವಾಗಿ ಸರಿಯಿತು. ಆಮೇಲೆ ಅವಳು ತಲೆಯೆತ್ತಿ ಪ್ರಫುಲ್ಲಾಳನ್ನು ನೋಡಿದಳು.

ಪ್ರಫುಲ್ಲಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಎಂತ ಉಂಟು ಅದರಲ್ಲಿ?" ಎಂದು ಅತ್ತೆ ಕೇಳಿದರು.

"ಎಂತ ಇಲ್ಲ ಅತ್ತೆ" ಎಂದಳು ಚೈತಾಲಿ. "ಪೆಟ್ಟಿಗೆಯಲ್ಲಿ ಇದ್ದು ಇದ್ದು ಬಟ್ಟೆಯೇ ಕುಗ್ಗಿದ್ದು. ಅಕ್ಕ ಸರಿ ಮಾಡಿಕೊಡ್ತಾರೆ."

ಲೊರ್ನಾ ಚಹಾ ಕುಡಿದು, ನಾಳೆಯಿಂದ ಬರಲೇಬೇಕೆಂದು ಗದರಿಸಿ ಹೋದಳು. ಅತ್ತೆ ಒಳಗೆ ಹೋದರು. ಚೈತಾಲಿ ರವಿಕೆಯನ್ನು ಮೆಷಿನ್ನಿನ ಮೇಲಿಟ್ಟಳು. ಬೈದರೆ ಪ್ರಫುಲ್ಲಾ ತಿರುಗಿ ಬೈಯಬಹುದಿತ್ತು, ಅತ್ತರೆ ಕಾಲು ಹಿಡಿಯಬಹುದಿತ್ತು. ಚೈತಾಲಿ ಎರಡನ್ನೂ ಮಾಡಲಿಲ್ಲ. ಅದಕ್ಕೂ ಪ್ರಫುಲ್ಲಾಳಿಗೆ ಹೊಟ್ಟೆ ಉರಿಯಿತು. ಇಷ್ಟು ದೊಡ್ಡದನ್ನು ನುಂಗಿಕೊಳ್ಳುವ ಗಟ್ಟಿತನ ತನಗೇಕಿಲ್ಲ?

"ಮೊದಲಿನ ಹೊಲಿಗೆಗೇ ಬಿಡಿ ಅಕ್ಕ."

"ಬಿಟ್ಟರೆ... ಈಗ ಹಾಕಿದ ಹೊಲಿಗೆಯ ತೂತು ಹೊರಗೆ ಕಾಣ್ತದೆ" ಎಂದಳು ಪ್ರಫುಲ್ಲಾ. ಸುಳ್ಳು ಹೇಳಬೇಕಾದಾಗಲೂ ಬಾಯಿಂದ ಬಂದದ್ದು ದರ್ಜಿಯ ಮಾತು.

"ಕಾಣಲಿ. ಬೇರೆ ಯಾರಿಗೂ ಅದು ಎಂತ ಅಂತ ಗೊತ್ತಾಗುವುದಿಲ್ಲ. ನಿಮಗೆ ಮಾತ್ರ ಗೊತ್ತಾಗ್ತದೆ."

ಕಾರ್ಕಳದಲ್ಲಿ ಚೈತಾಲಿಗೆ ಎರಡನೆಯ ಸ್ಥಾನ ಬಂತು. ಕೊರಳಲ್ಲಿ ಪದಕ, ಮುಖದ ತುಂಬ ಬೆವರು, ಪಕ್ಕದಲ್ಲಿ ಹಲ್ಲು ಕಿರಿದು ನಿಂತ ಅಕ್ಷಿತ್. ಫೋಟೋ ನೋಡಿ ಪ್ರಫುಲ್ಲಾ ಫೋನನ್ನು ಮಗುಚಿಟ್ಟಳು.

ಮದುವೆಯ ದಿನ ಇಬ್ಬರೂ ಧಾರೆ ಸೀರೆ ಉಟ್ಟು ಮಂಟಪಕ್ಕೆ ಬಂದರು. ಬಂದು ನಿಂತದ್ದೇ ತಡ, ಕೆಮ್ಮಣ್ಣಿನ ಚಿಕ್ಕಮ್ಮ ಜನರನ್ನು ಸರಿಸಿಕೊಂಡು ಬಂದು ಪ್ರಫುಲ್ಲಾಳ ಬೆನ್ನು ತಡವಿದರು. "ಅಯ್ಯೋ ಪ್ರಫುಲ್ಲಾ, ಇದು ಈಗಲೂ ಅದೇ ಬ್ಲೌಸಾ? ನಿನ್ನನ್ನು ಮೀರಿಸುವವರಿಲ್ಲ ನೋಡು!"

ವರ್ಷವಿಡೀ ಹಸಿದು ಕಾದಿದ್ದ ಮಾತು. ಪ್ರಫುಲ್ಲಾಳಿಗೆ "ಅದೇ" ಎನ್ನಲು ಬಾಯಿ ಬರಲಿಲ್ಲ. ಅವಳ ಕಣ್ಣು ಪಕ್ಕದಲ್ಲಿದ್ದ ಚೈತಾಲಿಯ ತೋಳಿನ ಮೇಲಿತ್ತು.

ಫೋಟೋದವನು ಎಲ್ಲರನ್ನೂ ಹತ್ತಿರ ಹತ್ತಿರ ನಿಲ್ಲಿಸಿದ. ಚೈತಾಲಿ ಕೈಯೆತ್ತಿ ಓರಗಿತ್ತಿಯ ಹೆಗಲ ಮೇಲೆ ಹಾಕಿದಳು. ತೂತುಗಳ ಸಾಲು ಪ್ರಫುಲ್ಲಾಳ ಕೆನ್ನೆಯ ಹತ್ತಿರಕ್ಕೇ ಬಂತು. ಒಂದೊಂದು ತೂತೂ ತನ್ನ ಕೈಯದೇ, ಅಚ್ಚುಕಟ್ಟು, ಒಂದೂ ಸಾಲು ತಪ್ಪಿರಲಿಲ್ಲ.

"ನಗಿ ಅಕ್ಕ" ಎಂದಳು ಚೈತಾಲಿ, ಕ್ಯಾಮೆರಾ ನೋಡುತ್ತಲೇ.

ಹೆಗಲ ಮೇಲಿನ ಕೈ ಗಟ್ಟಿಯಾಗಿತ್ತು. ಪ್ರಫುಲ್ಲಾ ನಕ್ಕಳು.